ನಿಮಗಿದು ಗೊತ್ತೇ? ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಓಣಿಯಲ್ಲಿ ಹುಡುಗರು ಆಡುವಾಗ ಮನೆಯ ಕಿರಿಯ ಕೂಸು ‘ನಾನೂ ಬರ್ತೀನಿ’ ಎಂದು ಅತ್ತರೆ ಅದನ್ನು ಸಮಾಧಾನ ಮಾಡಲು ನಮ್ಮಲ್ಲೊಂದು ಉಪಾಯವಿದೆ: ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’. ಕೂಸು ಓಡುತ್ತದೆ, ಕುಣಿಯುತ್ತದೆ. ಸಿಕ್ಕಿಬಿದ್ದರೂ ಔಟಲ್ಲ, ಮುಟ್ಟಿದರೂ ಗೆದ್ದಂತಲ್ಲ. ಆದರೆ ಎಳೆಯರು, ವಯಸ್ಸಾದವರು, ನಿನ್ನೆ ಮೊನ್ನೆ ಕಲಿತವರು ಎಲ್ಲರನ್ನೂ ಲೆಕ್ಕಕ್ಕೂ ಸೇರಿಸಿಕೊಂಡು ಆಡಿಸುವ ಆಟವೊಂದಿದೆ. ಅದು ಗಾಲ್ಫ್. ಅದರ ಉಪಾಯದ ಹೆಸರು ಹ್ಯಾಂಡಿಕ್ಯಾಪ್. ತುಂಗಭದ್ರೆಯ ದಂಡೆಯ ನಮ್ಮ ಕೆಂಚನಗುಡ್ಡದಲ್ಲಿ ಭತ್ತದ ಗದ್ದೆಗಳಿವೆಯೇ ಹೊರತು ಗಾಲ್ಫ್ ಮೈದಾನವಿಲ್ಲ. ಆದರೂ ಈ ಲೆಕ್ಕ ನಮಗೂ ಬೇಕಾದದ್ದೇ. ಏಕೆ ಎಂಬುದು ಓದುತ್ತಾ ಹೋದಂತೆ ತಿಳಿದೀತು.

ಹೆಸರಿನ ಹಿಂದೆ

● ‘ಹ್ಯಾಂಡಿಕ್ಯಾಪ್’ ಎಂದರೆ ಅಂಗವೈಕಲ್ಯ ಎಂದೇ ಬಹಳ ಜನ ತಿಳಿದಿದ್ದಾರೆ. ಆ ಅರ್ಥ ಬಂದದ್ದು ತೀರಾ ಈಚೆಗೆ. ಮೂಲದಲ್ಲಿ ಅದು ‘ಟೋಪಿಯೊಳಗೆ ಕೈ’ ಎಂಬ ಮಾತು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಇಬ್ಬರು ತಮ್ಮ ತಮ್ಮ ವಸ್ತು ಅದಲುಬದಲು ಮಾಡಿಕೊಳ್ಳುವಾಗ ಮಧ್ಯಸ್ಥನೊಬ್ಬ ಬೆಲೆಯ ವ್ಯತ್ಯಾಸ ಹೇಳುತ್ತಿದ್ದ. ಒಪ್ಪಿಗೆಯೋ ಇಲ್ಲವೋ ಎಂಬುದನ್ನು ಇಬ್ಬರೂ ಟೋಪಿಯೊಳಗೆ ಕೈಯಿಟ್ಟು ತೆಗೆದು ತೋರಿಸುತ್ತಿದ್ದರು. ಅಲ್ಲಿಂದ ಈ ಪದ ‘ಸರಿದೂಗಿಸುವುದು’ ಎಂಬ ಅರ್ಥ ಪಡೆಯಿತು.

● ಗಾಲ್ಫ್‌ಗಿಂತ ಮೊದಲು ಈ ಪದವನ್ನು ಹಿಡಿದುಕೊಂಡದ್ದು ಕುದುರೆ ಜೂಜು. ಹ್ಯಾಂಡಿಕ್ಯಾಪ್ ರೇಸಿನಲ್ಲಿ ಚುರುಕು ಕುದುರೆಗೆ ಹೆಚ್ಚು ಭಾರ, ನಿಧಾನದ ಕುದುರೆಗೆ ಕಡಿಮೆ ಭಾರ. ಸವಾರನ ತೂಕ ಸಾಲದಿದ್ದರೆ ಜೀನಿನ ಜೊತೆ ಸೀಸದ ತುಂಡುಗಳನ್ನು ಸೇರಿಸುತ್ತಾರೆ.

● ಈ ಎರಡೂ ಹ್ಯಾಂಡಿಕ್ಯಾಪ್‌ಗಳು ಒಂದೇ ಆವರಣದಲ್ಲಿ ಕಾಣಸಿಗುವ ಊರು ನಮ್ಮ ಮೈಸೂರು. ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸ್ ಅಂಗಳದಲ್ಲೇ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನ ಮೈದಾನವಿದೆ. ಒಂದು ಕಡೆ ಕುದುರೆಗೆ ಭಾರ ಹೊರಿಸಿ ಸಮ ಮಾಡುತ್ತಾರೆ, ಇನ್ನೊಂದು ಕಡೆ ಮನುಷ್ಯನಿಗೆ ಹೊಡೆತ ಬಿಟ್ಟುಕೊಟ್ಟು ಸಮ ಮಾಡುತ್ತಾರೆ.

● ಇದೇ ನ್ಯಾಯ ನಮ್ಮ ಹಳ್ಳಿಗಳಿಗೂ ಗೊತ್ತು. ಬಳ್ಳಾರಿ ಸೀಮೆ ಮತ್ತು ಪಕ್ಕದ ರಾಯಲಸೀಮೆಯಲ್ಲಿ ಎತ್ತಿನ ಜೋಡಿಗಳಿಂದ ಭಾರದ ಕಲ್ಲು ಎಳೆಸುವ ಪಂದ್ಯ ನೋಡಿದ್ದೀರಲ್ಲ? ಕಣಕ್ಕಿಳಿಸುವ ಮೊದಲು ಹಿರಿಯರೊಬ್ಬರು ಎತ್ತಿನ ಮೂಗುದಾರ ಹಿಡಿದು, ಕೆಳತುಟಿ ಬಗ್ಗಿಸಿ ಹಲ್ಲು ಎಣಿಸುತ್ತಾರೆ. ಎರಡು ಹಲ್ಲಿನ ಜೋಡಿಗೆ ಬೇರೆ ಪಂದ್ಯ, ನಾಲ್ಕು ಹಲ್ಲಿನದಕ್ಕೆ ಬೇರೆ, ಆರು ಹಲ್ಲಿನದಕ್ಕೆ ಬೇರೆ. ಎಳೆಯ ಜೋಡಿಯನ್ನು ಬಾಯಿಗೂಡಿದ ಎತ್ತುಗಳ ಎದುರು ನಿಲ್ಲಿಸುವುದು ಅನ್ಯಾಯ ಎಂದು ಯಾವ ಪುಸ್ತಕವೂ ಅವರಿಗೆ ಹೇಳಿಕೊಟ್ಟಿಲ್ಲ.

● ಗಾಲ್ಫ್‌ನಲ್ಲಿ ರಿಯಾಯಿತಿಯ ಮೊದಲ ಸುಳಿವು ಸಿಗುವುದು ಒಬ್ಬ ವಿದ್ಯಾರ್ಥಿಯ ದಿನಚರಿಯಲ್ಲಿ. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದ ಥಾಮಸ್ ಕಿನ್‌ಕೇಡ್ 1687ರಲ್ಲಿ, ಆಟ ಸಮವಾಗುವಂತೆ ಎದುರಾಳಿಗೆ ರಿಯಾಯಿತಿ ಕೊಡುವುದು ಒಳ್ಳೆಯದೇ ಎಂದು ಕೂತು ಯೋಚಿಸಿ ಬರೆದಿಟ್ಟಿದ್ದಾನೆ.

ಗಾಲ್ಫ್ ಅಂದರೆ ಇಷ್ಟೇ

● ಗೋಲಿಗುಂಡು ಆಡಿದವರಿಗೆ ಗಾಲ್ಫ್ ಕಲಿಸುವುದು ಕಷ್ಟವಲ್ಲ. ನೆಲದ ಮೇಲಿನ ಚೆಂಡನ್ನು ಕೋಲಿನಿಂದ ಹೊಡೆಯುತ್ತಾ ಹೋಗಿ ಕುಳಿಗೆ ಬೀಳಿಸಬೇಕು. 18 ಕುಳಿ ಮುಗಿಸುವಷ್ಟರಲ್ಲಿ ಯಾರ ಹೊಡೆತ ಕಡಿಮೆಯೋ ಅವರೇ ಗೆದ್ದವರು. ಹೆಚ್ಚು ಅಂಕ ಪಡೆದವರು ಸೋಲುವ ಅಪರೂಪದ ಆಟವಿದು.

● ಕುಳಿಯ ಬಾಯಿ 4.25 ಇಂಚು, ಅಂದರೆ 10.8 ಸೆಂಟಿಮೀಟರ್. ಹೆಚ್ಚೂಕಡಿಮೆ ಒಂದು ಚೊಂಬಿನ ಬಾಯಿಯಷ್ಟು. ಚೆಂಡಿನ ವ್ಯಾಸ 4.27 ಸೆಂಟಿಮೀಟರಿಗಿಂತ ಕಡಿಮೆ ಇರುವಂತಿಲ್ಲ, ತೂಕ 46 ಗ್ರಾಂ ದಾಟುವಂತಿಲ್ಲ.

● ಕುಳಿಗಳ ಸಂಖ್ಯೆ 18 ಆಗಿರುವುದಕ್ಕೆ ಶಾಸ್ತ್ರವೇನೂ ಇಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ ಒಂದು ಸುತ್ತಿಗೆ 22 ಕುಳಿ ಇದ್ದವು. 1764ರಲ್ಲಿ ಕೆಲವನ್ನು ಕೂಡಿಸಿ 18 ಮಾಡಿದರು. ಮುಂದೆ ಜಗತ್ತೆಲ್ಲ ಅದನ್ನೇ ಹಿಡಿಯಿತು.

● 1457ರಲ್ಲಿ ಸ್ಕಾಟ್ಲೆಂಡಿನ ದೊರೆ ಎರಡನೇ ಜೇಮ್ಸ್ ಗಾಲ್ಫನ್ನು ನಿಷೇಧಿಸಿದ್ದ. ಜನ ಬಿಲ್ಲುವಿದ್ಯೆ ಬಿಟ್ಟು ಈ ಆಟದ ಹಿಂದೆ ಬಿದ್ದರೆ ಯುದ್ಧಕ್ಕೆ ಯಾರು ಬರುತ್ತಾರೆಂಬುದು ಅವನ ಚಿಂತೆ.

● ಪ್ರತಿ ಕುಳಿಗೂ ಒಂದು ‘ಪಾರ್’ ಇರುತ್ತದೆ: ನುರಿತವನು ಇಷ್ಟು ಹೊಡೆತದಲ್ಲಿ ಮುಗಿಸಬೇಕು ಎಂಬ ಲೆಕ್ಕ. ಸಾಮಾನ್ಯವಾಗಿ ಅದು 3, 4 ಅಥವಾ 5. ಹೆಚ್ಚಿನ ಮೈದಾನಗಳಲ್ಲಿ 18 ಕುಳಿಗಳ ಒಟ್ಟು ಪಾರ್ 70ರಿಂದ 72. ಒಂದು ಹೊಡೆತ ಉಳಿಸಿದರೆ ಬರ್ಡಿ, ಎರಡು ಉಳಿಸಿದರೆ ಈಗಲ್. ಒಂದು ಹೆಚ್ಚಾದರೆ ಬೋಗಿ.

● ಬೋಗಿ ಎಂದರೆ ನಮ್ಮ ‘ಗುಮ್ಮ’! 1890ರ ಸುಮಾರಿಗೆ ಇಂಗ್ಲೆಂಡಿನ ಕ್ಲಬ್ಬುಗಳು ಪ್ರತಿ ಕುಳಿಗೂ ಒಂದು ಆದರ್ಶ ಲೆಕ್ಕ ಗೊತ್ತುಮಾಡಿದವು. ಕಣ್ಣಿಗೆ ಕಾಣದ, ಎಂದೂ ತಪ್ಪದ ಈ ಎದುರಾಳಿಗೆ ಆಗ ಜನಪ್ರಿಯವಾಗಿದ್ದ ಹಾಡೊಂದರ ಗುಮ್ಮನ ಹೆಸರು ಅಂಟಿಕೊಂಡಿತು. ಮೊದಲು ಬೋಗಿ ಎಂದರೆ ಒಳ್ಳೆಯ ಆಟವೇ. ಆಟಗಾರರು ಸುಧಾರಿಸಿದ ಮೇಲೆ ಅದು ಪಾರ್‌ಗಿಂತ ಒಂದು ಹೆಚ್ಚು ಎಂಬ ಅರ್ಥಕ್ಕೆ ಇಳಿಯಿತು.

● ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲು ಇಟ್ಟುಕೊಳ್ಳುವಂತಿಲ್ಲ. 1938ರಲ್ಲಿ ಅಮೆರಿಕ, ಮರುವರ್ಷ ಬ್ರಿಟನ್ ಈ ಮಿತಿ ಹಾಕಿದವು.

● 18 ಕುಳಿಯ ಮೈದಾನಕ್ಕೆ ನೂರು ಎಕರೆಗೂ ಮೀರಿದ ಜಾಗ ಬೇಕು. ಎಷ್ಟು ವಿಶಾಲ ಎನ್ನುವುದಕ್ಕೆ ಬೆಳಗಾವಿಯೇ ಸಾಕ್ಷಿ. 2022ರ ಆಗಸ್ಟ್‌ನಲ್ಲಿ ಅಲ್ಲಿನ ಗಾಲ್ಫ್ ಮೈದಾನದ ಸುತ್ತ ಚಿರತೆ ಕಾಣಿಸಿಕೊಂಡಾಗ ಅಕ್ಕಪಕ್ಕದ ಶಾಲೆಗಳಿಗೆ ರಜೆ ಕೊಟ್ಟರು, ಸಕ್ರೆಬೈಲಿನಿಂದ ಆನೆಗಳನ್ನು ತರಿಸಿ ಹುಡುಕಿದರು.

● ನೀರಿನ ಬರವಿರುವ ಕಡೆ ಕುಳಿಯ ಸುತ್ತ ಹಸಿರು ಹುಲ್ಲು ಬೆಳೆಸುವುದು ಕಷ್ಟ. ಅದಕ್ಕೆ ಭಾರತದ ಎಷ್ಟೋ ಹಳೆಯ ಮೈದಾನಗಳಲ್ಲಿ ಮರಳಿಗೆ ಎಣ್ಣೆ ಬೆರೆಸಿ, ಉಜ್ಜಿ ನಯಮಾಡಿದ ನೆಲದ ಮೇಲೆ ಆಡುತ್ತಿದ್ದರು. ‘ಗ್ರೀನ್’ ಬದಲು ಅದನ್ನು ‘ಬ್ರೌನ್’ ಎಂದು ಕರೆದರು.

● 1971ರ ಫೆಬ್ರುವರಿಯಲ್ಲಿ ಅಪೊಲೊ 14ರ ಗಗನಯಾತ್ರಿ ಅಲನ್ ಶೆಪರ್ಡ್ ಚಂದ್ರನ ನೆಲದ ಮೇಲೆ ಎರಡು ಗಾಲ್ಫ್ ಚೆಂಡು ಹೊಡೆದ.

ಮಾವ ಗೆದ್ದದ್ದು ಹೇಗೆ?

● ಹ್ಯಾಂಡಿಕ್ಯಾಪ್‌ನ ತಿರುಳು ಇದು: ನಿಮ್ಮ ಆಟದ ಮಟ್ಟಕ್ಕೆ ತಕ್ಕಷ್ಟು ಹೊಡೆತಗಳನ್ನು ನಿಮ್ಮ ಒಟ್ಟು ಲೆಕ್ಕದಿಂದ ಕಳೆಯುತ್ತಾರೆ. ಹೊಡೆದದ್ದೆಲ್ಲ ‘ಗ್ರಾಸ್’, ಕಳೆದು ಉಳಿದದ್ದು ‘ನೆಟ್’. ಸಂಬಳದ ಚೀಟಿ ನೋಡುವವರಿಗೆ ಈ ಎರಡು ಪದ ಬಿಡಿಸಿ ಹೇಳಬೇಕಿಲ್ಲ.

● ಒಂದು ಲೆಕ್ಕ ಮಾಡೋಣ. ಮಾವನಿಗೆ ಅರವತ್ತು ದಾಟಿದೆ, ಅವನ ಹ್ಯಾಂಡಿಕ್ಯಾಪ್ 24. ಅಳಿಯ ಕಸುವಿನ ಹುಡುಗ, ಅವನದು 6. ಭಾನುವಾರ ಬೆಳಿಗ್ಗೆ ಪಾರ್ 72ರ ಮೈದಾನದಲ್ಲಿ ಇಬ್ಬರೂ ಆಡಿದರು. ಮಾವ 95 ಹೊಡೆತ, ಅಳಿಯ 79. ಬರೀ ಗ್ರಾಸ್ ನೋಡಿದರೆ ಅಳಿಯ 16 ಹೊಡೆತ ಮುಂದೆ. ರಿಯಾಯಿತಿ ಕಳೆಯಿರಿ: ಮಾವ 71, ಅಳಿಯ 73. ಕಪ್ ಮಾವನ ಮನೆಗೆ ಹೋಯಿತು. ಅಂದು ಮಾವ ತನ್ನ ಶಕ್ತಿ ಮೀರಿ ಆಡಿದ, ಅಳಿಯ ತನ್ನ ಮಟ್ಟಕ್ಕಿಂತ ಒಂದು ಹೊಡೆತ ಕೆಳಗೆ ಆಡಿದ. ಯಾರು ದೊಡ್ಡ ಆಟಗಾರ ಎಂಬುದಲ್ಲ, ಇಂದು ಯಾರು ತನ್ನನ್ನು ತಾನು ಮೀರಿದ ಎಂಬುದೇ ಇಲ್ಲಿ ಪ್ರಶ್ನೆ.

● ಇವರಿಬ್ಬರೇ ಎದುರುಬದುರಾಗಿ ಒಂದೊಂದೇ ಕುಳಿ ಗೆಲ್ಲುವ ಪಂದ್ಯವಾಡಿದರೆ 24ರಲ್ಲಿ 6 ಕಳೆದು 18. ಮಾವನಿಗೆ ಪ್ರತಿ ಕುಳಿಯಲ್ಲೂ ಒಂದೊಂದು ಹೊಡೆತ ಮಾಫಿ.

● ಯಾವ ಕುಳಿಯಲ್ಲಿ ಮಾಫಿ ಎಂಬುದನ್ನು ಆಟಗಾರ ಆರಿಸುವಂತಿಲ್ಲ. ಸ್ಕೋರ್‌ಕಾರ್ಡಿನಲ್ಲಿ ಪ್ರತಿ ಕುಳಿಯ ಎದುರು 1ರಿಂದ 18ರವರೆಗೆ ಒಂದು ಅಂಕಿ ಇರುತ್ತದೆ. ಅದೇ ‘ಸ್ಟ್ರೋಕ್ ಇಂಡೆಕ್ಸ್’. ರಿಯಾಯಿತಿ ಹೊಡೆತಗಳು 1ನೇ ಅಂಕಿಯ ಕುಳಿಯಿಂದ ಸಾಲಾಗಿ ಬೀಳುತ್ತಾ ಹೋಗುತ್ತವೆ. 24 ಇದ್ದವನಿಗೆ ಎಲ್ಲ ಕುಳಿಗೂ ಒಂದು, 1ರಿಂದ 6ರವರೆಗಿನ ಕುಳಿಗಳಿಗೆ ಇನ್ನೊಂದು.

● ಹ್ಯಾಂಡಿಕ್ಯಾಪ್ ಸೊನ್ನೆ ಇದ್ದವರು ‘ಸ್ಕ್ರ್ಯಾಚ್’ ಆಟಗಾರರು. ಅವರಿಗಿಂತಲೂ ಮೇಲಿನವರಿಗೆ ‘ಪ್ಲಸ್’ ಹ್ಯಾಂಡಿಕ್ಯಾಪ್. ಪ್ಲಸ್ 2 ಇದ್ದವನ ಲೆಕ್ಕಕ್ಕೆ ಎರಡು ಹೊಡೆತ ಸೇರಿಸುತ್ತಾರೆ. ಉಳ್ಳವನಿಂದ ಕೊಡಿಸುವ ನ್ಯಾಯವಿದು.

● ಎಲ್ಲರಿಗೂ ಸಿಗಬಹುದಾದ ಗರಿಷ್ಠ ಹ್ಯಾಂಡಿಕ್ಯಾಪ್ ಇಂಡೆಕ್ಸ್ 54. ಅಂದರೆ ಸುಮಾರಾಗಿ ಪ್ರತಿ ಕುಳಿಗೂ ಮೂರು ಹೊಡೆತದ ರಿಯಾಯಿತಿ. ಗಂಡಸರಿಗೂ ಹೆಂಗಸರಿಗೂ ಇದೊಂದೇ ಮಿತಿ.

ಅಂಕಿಗಳ ಅಡಿಗೆಮನೆ

● ಹಿಂದೆ ಜಗತ್ತಿನಲ್ಲಿ ಆರು ಬೇರೆ ಬೇರೆ ಹ್ಯಾಂಡಿಕ್ಯಾಪ್ ಪದ್ಧತಿಗಳಿದ್ದವು. ಒಂದು ದೇಶದ 15 ಇನ್ನೊಂದು ದೇಶದಲ್ಲಿ 15 ಆಗಿರುತ್ತಿರಲಿಲ್ಲ. ಒಂದೊಂದು ಸೀಮೆಯ ಸೇರು ಒಂದೊಂದು ಅಳತೆ ಇದ್ದ ಹಾಗೆ. 2020ರ ಜನವರಿಯಿಂದ ಎಲ್ಲವನ್ನೂ ಕೂಡಿಸಿ ‘ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿ’ ಜಾರಿಗೆ ತಂದರು.

● ನಿಮ್ಮ ಈಚಿನ 20 ಸುತ್ತುಗಳಲ್ಲಿ ಚೆನ್ನಾಗಿ ಆಡಿದ 8ನ್ನು ಮಾತ್ರ ಆರಿಸಿ ಅವುಗಳ ಸರಾಸರಿ ತೆಗೆಯುತ್ತಾರೆ. ಕೆಟ್ಟ 12 ಸುತ್ತು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಹ್ಯಾಂಡಿಕ್ಯಾಪ್ ನಿಮ್ಮ ಸರಾಸರಿಯಲ್ಲ, ನಿಮ್ಮ ಸಾಮರ್ಥ್ಯ. ಹೆಚ್ಚಿನ ದಿನ ಅದನ್ನು ಮುಟ್ಟಲಾಗದೆ ಮನೆಗೆ ಬರುವುದೇ ಸಹಜ. ಹೊಸಬರು ಇದನ್ನು ತಿಳಿದಿದ್ದರೆ ಬೇಸರ ಕಡಿಮೆಯಾಗುತ್ತದೆ.

● ಹೊಸಬನಿಗೆ 20 ಸುತ್ತು ಕಾಯಬೇಕಿಲ್ಲ. ಒಟ್ಟು 54 ಕುಳಿ, ಅಂದರೆ ಮೂರು ಸುತ್ತು ಆಡಿದರೆ ಸಾಕು. ಅವುಗಳಲ್ಲಿ ಉತ್ತಮವಾದದ್ದರಿಂದ 2 ಕಳೆದು ಮೊದಲ ಅಂಕಿ ಕೊಡುತ್ತಾರೆ.

● ಎಲ್ಲ ಹೊಲ ಒಂದೇ ಅಲ್ಲ. ಮಸಾರಿಯಲ್ಲಿ ಸಲೀಸಾಗಿ ಓಡುವ ಕುಂಟೆ ಹಸಿ ಎರೆಯಲ್ಲಿ ಹೂತು ನಿಲ್ಲುತ್ತದೆ. ಗಾಲ್ಫ್ ಮೈದಾನವೂ ಹಾಗೆಯೇ. ಅದಕ್ಕೆ ಪ್ರತಿ ಮೈದಾನಕ್ಕೂ ಎರಡು ಅಂಕಿ ಇದೆ. ಸ್ಕ್ರ್ಯಾಚ್ ಆಟಗಾರನಿಗೆ ಎಷ್ಟು ಹೊಡೆತ ಬೇಕು ಎನ್ನುವುದು ‘ಕೋರ್ಸ್ ರೇಟಿಂಗ್’. ಅವನಿಗಿಂತ ಸಾಮಾನ್ಯ ಆಟಗಾರನಿಗೆ ಅಲ್ಲಿ ಎಷ್ಟು ಹೆಚ್ಚು ಕಷ್ಟ ಎನ್ನುವುದು ‘ಸ್ಲೋಪ್ ರೇಟಿಂಗ್’.

● ಸ್ಲೋಪ್ 55ರಿಂದ 155ರವರೆಗೆ ಇರಬಹುದು. 113 ಎಂದರೆ ಸಾಧಾರಣ ಕಷ್ಟ. ಈ ಲೆಕ್ಕವನ್ನು ರೂಪಿಸಿದವರಲ್ಲಿ ಮುಖ್ಯನಾದವನು ಡೀನ್ ನುತ್ ಎಂಬ ಅಮೆರಿಕದ ನೌಕಾಪಡೆಯ ಅಧಿಕಾರಿ.

● ಸೂತ್ರ ನೋಡಿ ಹೆದರಬೇಡಿ, ಎಂಟನೇ ತರಗತಿಯ ಗಣಿತ ಸಾಕು. ಮಾವ 95 ಹೊಡೆದ ಮೈದಾನದ ಕೋರ್ಸ್ ರೇಟಿಂಗ್ 71.2, ಸ್ಲೋಪ್ 125 ಎನ್ನೋಣ. 95ರಲ್ಲಿ 71.2 ಕಳೆದರೆ 23.8. ಅದನ್ನು 113ರಿಂದ ಗುಣಿಸಿ 125ರಿಂದ ಭಾಗಿಸಿದರೆ 21.5. ಆ ದಿನದ ಅವನ ‘ಡಿಫರೆನ್ಷಿಯಲ್’ ಅದೇ. ಇಂಥ ಎಂಟು ಅಂಕಿಗಳ ಸರಾಸರಿಯೇ ಹ್ಯಾಂಡಿಕ್ಯಾಪ್ ಇಂಡೆಕ್ಸ್.

● ಮೈದಾನ ಬದಲಾದರೆ ರಿಯಾಯಿತಿಯೂ ಬದಲು. ಇಂಡೆಕ್ಸ್ 20 ಇರುವವನಿಗೆ ಪಾರ್ 72, ರೇಟಿಂಗ್ 71.2, ಸ್ಲೋಪ್ 125 ಇರುವ ಮೈದಾನದಲ್ಲಿ 21 ಹೊಡೆತ. ಅದೇ ಪಾರ್, ಆದರೆ ರೇಟಿಂಗ್ 69, ಸ್ಲೋಪ್ 100 ಇರುವ ಸುಲಭದ ಮೈದಾನದಲ್ಲಿ 15 ಮಾತ್ರ.

● ಒಂದೇ ಕುಳಿಯಲ್ಲಿ ಹನ್ನೆರಡು ಹೊಡೆದು ಕೂತರೆ ಇಡೀ ದಿನದ ಲೆಕ್ಕ ಕೆಡಬಾರದಲ್ಲ? ಅದಕ್ಕೆ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಪ್ರತಿ ಕುಳಿಗೂ ಒಂದು ಮಿತಿ: ಪಾರ್, ಜೊತೆಗೆ ಎರಡು, ಜೊತೆಗೆ ಅಲ್ಲಿ ನಿಮಗೆ ಸಿಗುವ ರಿಯಾಯಿತಿ. ಪಾರ್ 4ರ ಕುಳಿಯಲ್ಲಿ ಒಂದು ರಿಯಾಯಿತಿ ಇದ್ದರೆ 7ಕ್ಕಿಂತ ಹೆಚ್ಚು ಬರೆಯುವುದಿಲ್ಲ.

● ಗಾಳಿ ಮಳೆಗೂ ಲೆಕ್ಕವಿದೆ. ಒಂದು ದಿನ ಬಹಳ ಜನ ತಮ್ಮ ಮಟ್ಟಕ್ಕಿಂತ ಕೆಳಗೆ ಆಡಿದರೆ ಅಂದಿನ ವಾತಾವರಣ ಕಠಿಣವಿತ್ತು ಎಂದು ತಿಳಿದು ಎಲ್ಲರ ಅಂಕಿಯನ್ನೂ ತಿದ್ದುತ್ತಾರೆ. ಈ ತಿದ್ದುಪಡಿ ಹೆಚ್ಚೆಂದರೆ ಮೂರು ಹೊಡೆತ.

● ಇದ್ದಕ್ಕಿದ್ದಂತೆ ಅದ್ಭುತವಾಗಿ ಆಡಿದರೆ? ಇಂಡೆಕ್ಸ್‌ಗಿಂತ 7 ಹೊಡೆತ ಚೆನ್ನಾಗಿ ಆಡಿದರೆ ಇಂಡೆಕ್ಸ್‌ನಿಂದ ಹೆಚ್ಚುವರಿಯಾಗಿ 1 ಕಳೆಯುತ್ತಾರೆ. 10 ಅಥವಾ ಅದಕ್ಕೂ ಮೀರಿದರೆ 2. ಇನ್ನೊಂದು ಕಡೆ, ವರ್ಷದೊಳಗಿನ ಅತಿ ಕಡಿಮೆ ಅಂಕಿಗಿಂತ ಇಂಡೆಕ್ಸ್ 5ಕ್ಕಿಂತ ಹೆಚ್ಚು ಏರದಂತೆ ತಡೆಯೂ ಇದೆ.

ಭಾನುವಾರದ ಪಂದ್ಯಗಳು

● ‘ಹವ್ಯಾಸಿ’ ಎಂಬ ಪದಕ್ಕೆ ಬಳ್ಳಾರಿಯವರಿಗೆ ವಿವರಣೆ ಬೇಕಿಲ್ಲ. ನಮ್ಮ ಬಳ್ಳಾರಿ ರಾಘವರು ವೃತ್ತಿಯಿಂದ ವಕೀಲರು, ರಂಗದ ಮೇಲೆ ಹವ್ಯಾಸಿ. ಗಾಲ್ಫ್ ಆಡುವವರಲ್ಲಿ ಬಹುಪಾಲು ಜನ ಇಂಥವರೇ. ವಾರವಿಡೀ ಬೇರೆ ಕೆಲಸ, ಭಾನುವಾರ ಮೈದಾನ.

● ಹವ್ಯಾಸಿ ನಿಯಮಗಳ ಪ್ರಕಾರ ಹ್ಯಾಂಡಿಕ್ಯಾಪ್ ಪಂದ್ಯದಲ್ಲಿ ಗೆದ್ದವರು ನಗದು ಬಹುಮಾನ ತೆಗೆದುಕೊಳ್ಳುವಂತಿಲ್ಲ. ವಸ್ತು ರೂಪದ ಬಹುಮಾನಕ್ಕೂ 2022ರ ನಿಯಮದಂತೆ 1,000 ಡಾಲರ್ ಮಿತಿ. ರಿಯಾಯಿತಿಯ ಮೇಲೆ ದುಡ್ಡಿನ ನೆರಳು ಬೀಳಬಾರದೆಂಬುದು ಇದರ ಉದ್ದೇಶ.

● ಕ್ಲಬ್ ಪಂದ್ಯಗಳ ಅಚ್ಚುಮೆಚ್ಚು ‘ಸ್ಟೇಬಲ್‌ಫರ್ಡ್’. ಇದರಲ್ಲಿ ಹೊಡೆತ ಎಣಿಸುವುದಿಲ್ಲ, ಅಂಕ ಎಣಿಸುತ್ತಾರೆ. ರಿಯಾಯಿತಿ ಕಳೆದ ಮೇಲೆ ಬೋಗಿಗೆ 1, ಪಾರ್‌ಗೆ 2, ಬರ್ಡಿಗೆ 3, ಈಗಲ್‌ಗೆ 4. ಒಂದು ಕುಳಿ ಪೂರ್ತಿ ಕೆಟ್ಟರೆ ಸೊನ್ನೆ, ಅಷ್ಟೇ. ಚೆಂಡೆತ್ತಿಕೊಂಡು ಮುಂದಿನ ಕುಳಿಗೆ ಹೊಸ ಮನಸ್ಸಿನಿಂದ ಹೋಗಬಹುದು.

● ಇದನ್ನು ಕಂಡುಹಿಡಿದವರು ಡಾ. ಫ್ರಾಂಕ್ ಸ್ಟೇಬಲ್‌ಫರ್ಡ್ ಎಂಬ ವೈದ್ಯರು. 1898ರಲ್ಲಿ ವೇಲ್ಸ್‌ನ ಗ್ಲಾಮೊರ್ಗನ್‌ಶೈರ್ ಕ್ಲಬ್ಬಿನಲ್ಲಿ ಮೊದಲ ಪ್ರಯೋಗ, 1932ರಲ್ಲಿ ಇಂಗ್ಲೆಂಡಿನ ವಾಲಸಿಯಲ್ಲಿ ಈಗಿನ ರೂಪ. ಒಂದೆರಡು ಕುಳಿ ಕೆಟ್ಟೊಡನೆ ಜನ ಕಾರ್ಡು ಹರಿದು ಹೊರಟುಹೋಗುವುದನ್ನು ತಪ್ಪಿಸಬೇಕೆಂಬುದೇ ಅವರ ಹಂಬಲ.

● ನಮ್ಮ ಮಾವ ಪಾರ್ 4ರ ಕುಳಿಯಲ್ಲಿ 6 ಹೊಡೆದ. ಕುಳಿಯ ಸ್ಟ್ರೋಕ್ ಇಂಡೆಕ್ಸ್ 3, ಅಲ್ಲಿ ಅವನಿಗೆ ಎರಡು ರಿಯಾಯಿತಿ. 6ರಲ್ಲಿ 2 ಹೋದರೆ 4, ಅಂದರೆ ಪಾರ್. ಎರಡು ಅಂಕ. ಹೀಗೆ 18 ಕುಳಿಗೆ 36 ಅಂಕ ಬಂದರೆ ತನ್ನ ಹ್ಯಾಂಡಿಕ್ಯಾಪ್‌ಗೆ ಸರಿಯಾಗಿ ಆಡಿದ ಹಾಗೆ.

● ನಾಲ್ವರ ತಂಡದ ‘ಸ್ಕ್ರ್ಯಾಂಬಲ್’ ಹೊಸಬರಿಗೆ ಹೇಳಿಮಾಡಿಸಿದ ಪಂದ್ಯ. ನಾಲ್ವರೂ ಹೊಡೆಯುತ್ತಾರೆ. ಯಾರ ಚೆಂಡು ಒಳ್ಳೆಯ ಜಾಗದಲ್ಲಿದೆಯೋ ಅಲ್ಲಿಂದಲೇ ಎಲ್ಲರ ಮುಂದಿನ ಹೊಡೆತ. ದಿನಕ್ಕೊಂದು ಒಳ್ಳೆಯ ಹೊಡೆತ ಹೊಡೆದವನೂ ತಂಡಕ್ಕೆ ಆಗಿಬರುತ್ತಾನೆ.

● ನೂರು ಜನ ಒಟ್ಟಿಗೆ ಆಡುವಾಗ ಎಲ್ಲರೂ ಒಂದನೇ ಕುಳಿಯಲ್ಲಿ ಸರದಿ ನಿಂತರೆ ಸಂಜೆಯಾದೀತು. ಅದಕ್ಕೆ ಒಂದೊಂದು ಗುಂಪನ್ನು ಒಂದೊಂದು ಕುಳಿಯಲ್ಲಿ ನಿಲ್ಲಿಸಿ ಒಂದೇ ಸೂಚನೆಗೆ ಆರಂಭಿಸುತ್ತಾರೆ. ಇದು ‘ಶಾಟ್‌ಗನ್ ಸ್ಟಾರ್ಟ್’. 1956ರಲ್ಲಿ ಅಮೆರಿಕದ ವಾಲಾ ವಾಲಾ ಎಂಬಲ್ಲಿ ನಿಜವಾಗಿಯೂ ಬಂದೂಕು ಹಾರಿಸಿ ಶುರುಮಾಡಿದ್ದರಿಂದ ಈ ಹೆಸರು ಬಂತೆಂದು ಹೇಳುತ್ತಾರೆ.

● ಹ್ಯಾಂಡಿಕ್ಯಾಪ್ ಇಲ್ಲದ ಅತಿಥಿಗಳೂ ಬಂದರೆ ‘ಡಬಲ್ ಪಿಯೋರಿಯಾ’ ಎಂಬ ಗುಟ್ಟಿನ ಲೆಕ್ಕವಿದೆ. ಆಯೋಜಕರು ಯಾರಿಗೂ ಹೇಳದೆ, ಪಾರ್ ಒಟ್ಟು 48 ಬರುವಂತೆ 12 ಕುಳಿ ಆರಿಸಿ ಲಕೋಟೆಯಲ್ಲಿ ಮುಚ್ಚಿಡುತ್ತಾರೆ. ಆಟ ಮುಗಿದ ಮೇಲೆ ಲಕೋಟೆ ಒಡೆಯುತ್ತಾರೆ. ಆ 12ರಲ್ಲಿ ನಿಮ್ಮ ಹೊಡೆತ 66 ಎನ್ನಿ: ಒಂದೂವರೆ ಪಟ್ಟು 99, ಪಾರ್ 72 ಕಳೆದರೆ 27, ಅದರ ಶೇಕಡಾ 80 ಅಂದರೆ 21.6. ಆ ದಿನದ ನಿಮ್ಮ ರಿಯಾಯಿತಿ ಅಷ್ಟು.

● ಒಂದೇ ಹೊಡೆತಕ್ಕೆ ಚೆಂಡು ಕುಳಿಗೆ ಬಿದ್ದರೆ ‘ಹೋಲ್ ಇನ್ ಒನ್’. ಸಾಮಾನ್ಯ ಆಟಗಾರನಿಗೆ ಇದು 12,500ರಲ್ಲಿ ಒಂದು ಎಂಬ ಅಂದಾಜಿದೆ. ಹೊಡೆದವನೇ ಎಲ್ಲರಿಗೂ ಔತಣ ಕೊಡಿಸುವುದು ವಾಡಿಕೆ. ಜಪಾನಿನಲ್ಲಿ ಆ ಖರ್ಚಿಗೆ ವಿಮೆಯನ್ನೇ ಮಾಡಿಸುತ್ತಾರೆ!

ಮನಸ್ಸಾಕ್ಷಿಯೇ ಅಂಪೈರ್

● ವಾರಾಂತ್ಯದ ಗಾಲ್ಫ್‌ನಲ್ಲಿ ಪ್ರತಿ ಕುಳಿಗೂ ಅಂಪೈರ್ ಇರುವುದಿಲ್ಲ. ನಿಮ್ಮ ಕಾರ್ಡಿನಲ್ಲಿ ಜೊತೆಯ ಆಟಗಾರ ಬರೆಯುತ್ತಾನೆ, ಕೊನೆಗೆ ಇಬ್ಬರೂ ಸಹಿ ಹಾಕುತ್ತೀರಿ. ಪೊದೆಯ ಹಿಂದೆ ಯಾರೂ ನೋಡದ ಹೊಡೆತವನ್ನೂ ನೀವೇ ಹೇಳಬೇಕು.

● 1925ರ ಅಮೆರಿಕ ಓಪನ್. ಬಾಬಿ ಜೋನ್ಸ್ ಎಂಬ ಹವ್ಯಾಸಿ ಆಟಗಾರ ಹುಲ್ಲಿನಲ್ಲಿದ್ದ ಚೆಂಡಿನ ಹತ್ತಿರ ಕೋಲು ತಂದಾಗ ಚೆಂಡು ತುಸು ಅಲುಗಿತು. ಬೇರೆ ಯಾರೂ ನೋಡಿರಲಿಲ್ಲ. ಜೋನ್ಸ್ ತಾನೇ ದಂಡದ ಹೊಡೆತ ಹಾಕಿಕೊಂಡ. ಕೊನೆಗೆ ಪಂದ್ಯ ಸಮವಾಗಿ, ಮರು ಆಟದಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್‌ಗೆ ಸೋತ. ಆ ಒಂದು ಹೊಡೆತ ಮುಚ್ಚಿಟ್ಟಿದ್ದರೆ ಪ್ರಶಸ್ತಿ ಅವನದಾಗುತ್ತಿತ್ತು. ಗೆದ್ದವನಿಗಿಂತ ಸೋತವನ ಹೆಸರೇ ಇಂದಿಗೂ ಜನರ ಬಾಯಲ್ಲಿದೆ.

● ಸಹಿ ಹಾಕುವ ಮುನ್ನ ಓದಿ. 1968ರ ಮಾಸ್ಟರ್ಸ್ ಟೂರ್ನಿಯಲ್ಲಿ ಅರ್ಜೆಂಟೀನಾದ ರೊಬೆರ್ಟೊ ಡಿ ವಿಸೆಂಜೊ 17ನೇ ಕುಳಿಯಲ್ಲಿ ಹೊಡೆದದ್ದು 3. ಜೊತೆಗಾರ ತಪ್ಪಿ 4 ಎಂದು ಬರೆದಿದ್ದ. ನೋಡದೆ ಸಹಿ ಹಾಕಿದ್ದರಿಂದ ಆ 4 ಹಾಗೇ ಉಳಿಯಿತು, ಪ್ರಶಸ್ತಿಗಾಗಿ ಮರು ಆಟದ ಅವಕಾಶವೇ ತಪ್ಪಿತು.

● ಬೇಕೆಂದೇ ಕೆಟ್ಟದಾಗಿ ಆಡಿ ಹ್ಯಾಂಡಿಕ್ಯಾಪ್ ಹಿಗ್ಗಿಸಿಕೊಂಡು, ದೊಡ್ಡ ಪಂದ್ಯದ ದಿನ ನಿಜರೂಪ ತೋರಿಸುವವರೂ ಇದ್ದಾರೆ. ಅವರನ್ನು ಅಮೆರಿಕದಲ್ಲಿ ‘ಸ್ಯಾಂಡ್‌ಬ್ಯಾಗರ್’ ಎನ್ನುತ್ತಾರೆ, ಬ್ರಿಟನ್ನಿನಲ್ಲಿ ನೇರವಾಗಿ ‘ಡಕಾಯಿತ’ ಎಂದೇ ಕರೆಯುತ್ತಾರೆ. ಕೆಟ್ಟ ಸುತ್ತುಗಳನ್ನು ಮುಚ್ಚಿಟ್ಟು ಹ್ಯಾಂಡಿಕ್ಯಾಪ್ ಕಡಿಮೆ ತೋರಿಸುವವರೂ ಉಂಟು. ಅವರಿಗೆ ಬೇರೆ ಶಿಕ್ಷೆ ಬೇಡ. ಪ್ರತಿ ಪಂದ್ಯದಲ್ಲೂ ತಾವೇ ಸೋಲುತ್ತಾರೆ.

ನಮ್ಮ ನೆಲದಲ್ಲಿ

● ಬ್ರಿಟನ್ ದ್ವೀಪಗಳ ಹೊರಗೆ ಜಗತ್ತಿನ ಅತಿ ಹಳೆಯ ಗಾಲ್ಫ್ ಕ್ಲಬ್ ಇರುವುದು ಕೋಲ್ಕತ್ತದಲ್ಲಿ. 1829ರ ರಾಯಲ್ ಕಲ್ಕತ್ತಾ. ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ಸ್ಯಾಂಕಿ ರಸ್ತೆಯಲ್ಲಿ ಹೋಗುವಾಗ ಬಲೆಯ ಆಚೆ ಕಾಣುವ ಹಸಿರು ಅದೇ.

● ಭಾರತದಲ್ಲಿ ಈ ಆಟವನ್ನು ನೋಡಿಕೊಳ್ಳುವ ಇಂಡಿಯನ್ ಗಾಲ್ಫ್ ಯೂನಿಯನ್ ಸ್ಥಾಪನೆಯಾದದ್ದು 1955ರಲ್ಲಿ. ಹತ್ತೇ ವರ್ಷಕ್ಕೆ, 1965ರಲ್ಲಿ ಪಿ.ಜಿ. ಸೇಠಿ ಎಂಬ ಹವ್ಯಾಸಿ, ವೃತ್ತಿಪರರನ್ನೆಲ್ಲ ಹಿಂದಿಕ್ಕಿ ಇಂಡಿಯನ್ ಓಪನ್ ಗೆದ್ದರು.

● 1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಗಾಲ್ಫ್ ಚಿನ್ನ ಲಕ್ಷ್ಮಣ್ ಸಿಂಗ್ ಅವರಿಗೆ. ತಂಡದ ಚಿನ್ನವೂ ಭಾರತಕ್ಕೇ.

● ಬೆಂಗಳೂರಿನ ಅದಿತಿ ಅಶೋಕ್ ಐದು ವರ್ಷದವರಿದ್ದಾಗ ಮನೆಯವರೊಂದಿಗೆ ತಿಂಡಿಗೆ ಹೋದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನ ಕಾಣುತ್ತಿತ್ತು. ಅದೇ ಆರಂಭ. 2016ರಲ್ಲಿ 18ನೇ ವಯಸ್ಸಿಗೆ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಿಶ್ವದ 200ನೇ ರ‍್ಯಾಂಕಿನಲ್ಲಿದ್ದವರು ನಾಲ್ಕನೇ ಸ್ಥಾನಕ್ಕೆ ಬಂದರು. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ರಿಯೊದಲ್ಲಿ ಚೀಲ ಹೊತ್ತವರು ಅಪ್ಪ, ಟೋಕಿಯೊದಲ್ಲಿ ಅಮ್ಮ.

● 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಮಹಿಳಾ ತಂಡದ ಮೂವರೂ ಕರ್ನಾಟಕದವರು: ಬೆಂಗಳೂರಿನ ಅದಿತಿ, ಅವನಿ ಪ್ರಶಾಂತ್ ಮತ್ತು ಮೈಸೂರಿನ ಪ್ರಣವಿ ಅರಸ್. ಅದಿತಿಗೆ ಬೆಳ್ಳಿ. ಏಷ್ಯನ್ ಕೂಟದ ಗಾಲ್ಫ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು.

● ಇದು ಸಿರಿವಂತರ ಆಟ ಎನ್ನುವ ಮಾತಿಗೆ ಎಸ್. ಚಿಕ್ಕರಂಗಪ್ಪ ಉತ್ತರ. ಬಿಡದಿ ಹತ್ತಿರದ ಹಳ್ಳಿಯ ಹುಡುಗ, ಪಕ್ಕದ ಗಾಲ್ಫ್ ಮೈದಾನದಲ್ಲಿ ಚೀಲ ಹೊರುವ ಕ್ಯಾಡಿಯಾಗಿ ಆಟ ನೋಡಿ ಕಲಿತರು. ಹವ್ಯಾಸಿಗಳ ರಾಷ್ಟ್ರೀಯ ಚಾಂಪಿಯನ್ ಆದರು. ವೃತ್ತಿಪರರಾಗಿ 2015ರಲ್ಲಿ ಭಾರತದ ಟೂರ್ ಪಟ್ಟಿಯ ಅಗ್ರಸ್ಥಾನಕ್ಕೇರಿದರು.

● ದೀಕ್ಷಾ ಡಾಗರ್ ಹುಟ್ಟಿನಿಂದ ಕಿವಿ ಕೇಳದ ಆಟಗಾರ್ತಿ. ಕಿವುಡರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದಾರೆ, ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಆಡಿದ್ದಾರೆ. ವೃತ್ತಿಪರರ ಪಂದ್ಯದಲ್ಲಿ ಯಾರಿಗೂ ರಿಯಾಯಿತಿ ಇಲ್ಲ, ಅವರಿಗೂ ಇರಲಿಲ್ಲ.

ನಾವೇಕೆ ಮಾಡಬಾರದು?

● ರಿಯಾಯಿತಿಯ ನ್ಯಾಯ ಗಾಲ್ಫ್‌ಗೆ ಮಾತ್ರ ಮೀಸಲಲ್ಲ. ಜಪಾನಿನ ‘ಗೋ’ ಆಟದಲ್ಲಿ ಕಿರಿಯನಿಗೆ ಮೊದಲೇ ಕೆಲವು ಕಾಯಿ ಇಡಲು ಬಿಡುತ್ತಾರೆ. ಆಸ್ಟ್ರೇಲಿಯಾದ ಸ್ಟಾವೆಲ್ ಪಟ್ಟಣದಲ್ಲಿ 1878ರಿಂದ ನಡೆದುಬಂದಿರುವ ಈಸ್ಟರ್ ಓಟದಲ್ಲಿ ಎಲ್ಲರೂ ಒಂದೇ ಗೆರೆಯಿಂದ ಓಡುವುದಿಲ್ಲ. ವೇಗದವನು ಹಿಂದೆ, ನಿಧಾನದವನು ಮುಂದೆ. ಮುಟ್ಟುವ ಗೆರೆ ಮಾತ್ರ ಒಂದೇ.

● ಕುರುಗೋಡಿನಿಂದ ಸಿರುಗುಪ್ಪದವರೆಗೆ ಜಾತ್ರೆ, ರಾಷ್ಟ್ರೀಯ ಹಬ್ಬ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಓಟದ ಪಂದ್ಯ ಇಡುತ್ತೇವೆ. ಪ್ರತಿ ವರ್ಷ ಅದೇ ಮೂವರು ಗೆಲ್ಲುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಈ ಸಲ ಹೀಗೆ ಮಾಡಿ ನೋಡಿ: ಹಿಂದಿನ ದಿನ ಎಲ್ಲ ಮಕ್ಕಳನ್ನೂ ಒಮ್ಮೆ ಓಡಿಸಿ ಸಮಯ ಬರೆದುಕೊಳ್ಳಿ. ಮರುದಿನ ಆ ಸಮಯಕ್ಕೆ ತಕ್ಕಂತೆ ಸುಣ್ಣದಿಂದ ಬೇರೆ ಬೇರೆ ಗೆರೆ ಎಳೆಯಿರಿ. ಮೊದಲ ಬಹುಮಾನ ಎಂದಿನ ಓಟಕ್ಕೆ ಇರಲಿ, ಜೊತೆಗೊಂದು ಬಹುಮಾನ ಈ ಓಟಕ್ಕೂ ಇರಲಿ. ಎತ್ತಿನ ಹಲ್ಲು ಎಣಿಸಿ ನ್ಯಾಯ ಮಾಡುವ ಊರಿನವರು ನಾವು. ಮಕ್ಕಳಿಗೂ ಅಷ್ಟು ನ್ಯಾಯ ಮಾಡೋಣ. ಓಣಿಯ ಕಿರಿಯ ಕೂಸು ಆಟಕ್ಕೂ ಇರಲಿ, ಲೆಕ್ಕಕ್ಕೂ ಇರಲಿ.